ಕೂದಲುಂಡೆಯ ಕಥೆ

ಚಿಕ್ಕೋಡಿಯ ನಮ್ಮ ಮನೆಯ ಬೆಕ್ಕು ಮೊನ್ನೆ ಮೈ ಕುಗ್ಗಿಸಿ ಕೆಮ್ಮಿ, ಬೆರಳುದ್ದದ ಕೂದಲುಂಡೆಯೊಂದನ್ನು ಕಾರಿತು. ಇದರಲ್ಲಿ ಇತಿಹಾಸವೇನೆಂದು ಕೇಳುಗರು ನಕ್ಕಾರು. ಪಶುವೈದ್ಯರು ಇದನ್ನು ಟ್ರೈಕೊಬೆಜೋರ್ ಎನ್ನುತ್ತಾರೆ. ಬೆಜೋರ್ ಎಂಬ ಮಾತಿನ ಮೂಲ ಪಾರಸಿಯ ‘ಪಾದ್‌ಜಹರ್’, ಎಂದರೆ ವಿಷಹಾರಿ. ಮೇಕೆಯ ಹೊಟ್ಟೆಯಲ್ಲಿ ಬೆಳೆಯುವ ಆ ಕಲ್ಲಿನ ಮಹಿಮೆಯನ್ನು ಗಾರ್ಸಿಯಾ ದ ಓರ್ತ 1563ರಲ್ಲಿ ಗೋವೆಯಲ್ಲಿ ಅಚ್ಚಾದ ತನ್ನ ಔಷಧಗ್ರಂಥದಲ್ಲಿ ಬರೆದಿದ್ದಾನೆ. ಮುಂದಿನ ಶತಮಾನದಲ್ಲಿ ಅಲ್ಲಿಯ ಜೆಸುಯಿಟರು ಕೃತಕ ಕಲ್ಲುಗಳನ್ನೇ ಮಾಡಿ ಮಾರಿದರು. ಫ್ರಾನ್ಸಿನ ಶಸ್ತ್ರವೈದ್ಯ ಪಾರೆ ಮಾತ್ರ ಅದನ್ನು ನಂಬಿರಲಿಲ್ಲ. ಒಂಬತ್ತನೆಯ ಚಾರ್ಲ್ಸ್ ದೊರೆಯ ಕಾಲದಲ್ಲಿ, ಮರಣದಂಡನೆಗೆ ಗುರಿಯಾದ ಅಡಿಗೆಯವನೊಬ್ಬನಿಗೆ ವಿಷವನ್ನು ಕೊಟ್ಟು, ಮೇಲೆ ಈ ಕಲ್ಲನ್ನೂ ಕೊಟ್ಟರು. ಏಳು ತಾಸಿನಲ್ಲಿ ಅವನು ನರಳಿ ಸತ್ತ.

ಬೆಕ್ಕಿನ ನಾಲಗೆಯ ಮುಳ್ಳುಗಳು ಗಂಟಲಿನ ಕಡೆಗೆ ಬಾಗಿರುತ್ತವೆ. ನೆಕ್ಕಿದಾಗ ಸಿಕ್ಕ ಕೂದಲನ್ನು ಅದು ಉಗುಳಲಾರದು, ನುಂಗುತ್ತದೆ. ಬಹುಪಾಲು ಮಲದೊಡನೆ ಹೋಗುತ್ತದೆ, ಉಳಿದದ್ದು ಉಂಡೆಗಟ್ಟುತ್ತದೆ. ಆದುದರಿಂದ ದಿನವೂ ಮೈ ಬಾಚುವುದೇ ಮೊದಲ ಮದ್ದು. ನಾನಿದನ್ನು ಕಲಿತದ್ದು ತಡವಾಗಿ. ರಾಯಬಾಗದಲ್ಲಿದ್ದಾಗ ಸಾಕಿದ್ದ ಹಳೆಯ ಬೆಕ್ಕು ಎರಡು ದಿನ ಅನ್ನ ಮುಟ್ಟದೆ, ಓಕರಿಸಿದರೂ ಏನೂ ಬಾರದೆ ಮೂಲೆ ಹಿಡಿಯಿತು. ಕೂದಲುಂಡೆಯಷ್ಟೇ ಎಂದು ನಾನು ಔಡಲೆಣ್ಣೆ ಕುಡಿಸಿ ಕಾದೆ. ವೈದ್ಯರು ಹೊಟ್ಟೆ ಮುಟ್ಟಿ ನೋಡಿ, ಕರುಳು ಕಟ್ಟಿದೆ, ನಿನ್ನೆಯೇ ತಂದಿದ್ದರೆ ಕೊಯ್ದು ತೆಗೆಯಬಹುದಿತ್ತು ಎಂದರು.