ಕೋವಿಯ ತಿರುಪು ಮತ್ತು ಬಿಗಿತದ ಮಾನ: ಹಳಿಯಾಳ–ಸೂಪಾ ಸೀಮೆಯ ಒಂದು ಪರಿಶೀಲನೆ

ಆಯುಧಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಯುದ್ಧಗಳನ್ನೂ ಕಾಯಿದೆಗಳನ್ನೂ ಆಧಾರವಾಗಿ ಹಿಡಿಯುವರು. ಆಯುಧವನ್ನು ಕೆಡದಂತೆ ಕಾಪಾಡಿದ ಕೈಕೆಲಸವು ಅವರ ದೃಷ್ಟಿಗೆ ಬೀಳುವುದು ವಿರಳ. ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡಗಳ ಕಾಡಂಚಿನ ರೈತನ ಕೋವಿಯನ್ನು ನಿದರ್ಶನವಾಗಿಟ್ಟುಕೊಂಡು ಈ ಕೊರತೆಯನ್ನು ಕಿಂಚಿತ್ ತುಂಬಲು ಇಲ್ಲಿ ಯತ್ನಿಸಲಾಗಿದೆ.

೧೮೫೭ರ ನಿಶ್ಶಸ್ತ್ರೀಕರಣದ ಕಾಯಿದೆಯು ಹಲಗಲಿಯ ಬೇಡರ ಪ್ರತಿಭಟನೆಗೆ ಕಾರಣವಾಯಿತೆಂಬುದು ವಾಚಕರಿಗೆ ತಿಳಿದ ಸಂಗತಿ. ೧೮೫೮–೫೯ರಲ್ಲಿ ಸೂಪಾ ಸೀಮೆಯ ಅರಣ್ಯಗಳೂ ಬಂಡಾಯಗಾರರ ನೆಲೆಯಾದುವು. ೧೮೭೮ರ ಶಸ್ತ್ರ ಕಾಯಿದೆಯು ಪರವಾನಗಿಯ ಪದ್ಧತಿಯನ್ನು ದೃಢಪಡಿಸಿತು. ಸ್ವಾತಂತ್ರ್ಯಾನಂತರದ ೧೯೫೯ರ ಕಾಯಿದೆಯಲ್ಲಿ ಒಂದು ಗಮನಾರ್ಹ ಅಂಶವಿದೆ. ಬೆಳೆರಕ್ಷಣೆಗಾಗಿ ಅದು ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೋವಿಯನ್ನೇ ಹೆಸರಿಸುತ್ತದೆ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ನಯನಳಿಗೆಯ ಕೋವಿಗೆ ಅವಕಾಶವುಂಟು. ದುರಸ್ತಿಯ ವೃತ್ತಿಗೂ ಪರವಾನಗಿ ಬೇಕು. ಹೀಗೆ ಹತ್ತೊಂಬತ್ತನೆಯ ಶತಮಾನದ ಮಾದರಿಯ ಕೇಪಿನ ಕೋವಿಗೆ ಕಾನೂನಿನಲ್ಲಿಯೇ ಒಂದು ಸ್ಥಾನ ಉಳಿಯಿತು.

ಈ ಕೋವಿಯ ಶತ್ರು ತೇವ. ಕರಿಮದ್ದಿನ ಮಸಿಯು ನೀರನ್ನು ಹೀರಿ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಜೋಯಿಡಾದ ಘಟ್ಟದ ಮಳೆಗೆ ಉಬ್ಬಿದ ಹಿಡಿಯ ಮರ ಬೇಸಗೆಯಲ್ಲಿ ಕುಗ್ಗುತ್ತದೆ. ಬೇಸಗೆಯಲ್ಲಿ ಅತಿಯಾಗಿ ಬಿಗಿದ ತಿರುಪು ಮಳೆಗಾಲದಲ್ಲಿ ಮರದ ನಾರನ್ನು ಹಿಸುಕುವುದು. ಮರುಬೇಸಗೆಯಲ್ಲಿ ಅದೇ ತಿರುಪು ಮೊದಲಿಗಿಂತ ಸಡಿಲವಾಗುವುದು. ಕೇಪನ್ನು ಕೂರಿಸುವ ಸಣ್ಣ ತಿರುಪುಗೊಳವೆ ಸಡಿಲವಾದರೆ ಉರಿಗಾಳಿ ಹಿಡಿದವನ ಮುಖಕ್ಕೇ ಹಿಂದಿರುಗೀತು. ಆದುದರಿಂದ ಎಷ್ಟು ಬಿಗಿಯಬೇಕೆಂಬ ಪ್ರಶ್ನೆ ಇಲ್ಲಿ ಪ್ರಾಣದ ಪ್ರಶ್ನೆಯೂ ಹೌದು. ಅದಕ್ಕೆ ಇದ್ದ ಮಾನವೆಂದರೆ ಕಮ್ಮಾರನ ಕೈಯ ಅಂದಾಜು.

ಬಿಗಿತವನ್ನು ಅಂಕಿಯಲ್ಲಿ ಅಳೆಯುವ ಟಾರ್ಕ್ ಪಾನಾ ಹುಟ್ಟಿದ್ದು ಕೋವಿಗಾಗಿ ಅಲ್ಲ. ನ್ಯೂಯಾರ್ಕ್ ನಗರದ ಜಲವಿಭಾಗದಲ್ಲಿದ್ದ ಕಾನ್ರಾಡ್ ಬಾರ್ ಎಂಬವನು ೧೯೧೮ರಲ್ಲಿ ಕೊಳವೆಗಳ ಬೋಲ್ಟುಗಳನ್ನು ಅತಿಯಾಗಿ ಬಿಗಿಯದಿರಲೆಂದು ಇದನ್ನು ರಚಿಸಿದನೆಂದು ಪ್ರತೀತಿ. ಇಂದಿನ ರೈಫಲಿನ ದುರ್ಬೀನಿನ ಬಳೆಗಳಿಗೆ ಸಾಮಾನ್ಯವಾಗಿ ೧೫ರಿಂದ ೨೫ ಅಂಗುಲ-ಪೌಂಡು, ಹಿಡಿಯ ತಿರುಪುಗಳಿಗೆ ೩೫ರಿಂದ ೬೫ ಅಂಗುಲ-ಪೌಂಡು ಬಿಗಿತ ಸಾಕು. ಅಂದರೆ ಒಟ್ಟಿನಲ್ಲಿ ಸುಮಾರು ೨ರಿಂದ ೭ ನ್ಯೂಟನ್-ಮೀಟರು. ಮೋಟಾರಿನ ಚಕ್ರಕ್ಕೆ ನೂರರ ಆಸುಪಾಸಿನಲ್ಲಿ ಬಳಸುವ ಪಾನಾ ಈ ಕೆಲಸಕ್ಕೆ ಸಲ್ಲದು. ಮಾನದ ಕೆಳತುದಿಯಲ್ಲಿ ಅದರ ಅಳತೆ ನಂಬತಕ್ಕದ್ದಲ್ಲ. ಬೇಕಾದ ಅಂಕಿ ಉಪಕರಣದ ಮಾನದ ನಡುಭಾಗದಲ್ಲಿ ಬೀಳುವಂತೆ ಆರಿಸುವುದೇ ಸರಿಯಾದ ಕ್ರಮ. ತಿರುಪಿನ ಎಳೆಗೆ ಎಣ್ಣೆ ಸವರಿದ್ದರೆ ಅದೇ ಅಂಕಿಗೆ ಹೆಚ್ಚು ಬಿಗಿತ ಬರುವುದೆಂಬುದನ್ನೂ ಮರೆಯಲಾಗದು.

ಆದರೆ ಈ ಅಂಕಿಗಳನ್ನು ಕೇಪಿನ ಕೋವಿಗೆ ಹಾಗೆಯೇ ಅನ್ವಯಿಸುವುದು ತಪ್ಪು. ತಯಾರಕನು ಗೊತ್ತುಮಾಡಿದ ಮಾನವಿಲ್ಲದ, ಕೈಯಲ್ಲಿ ಕೊರೆದ ಎಳೆಗಳುಳ್ಳ ಆಯುಧಕ್ಕೆ ಪಾನಾ ಅಂಕಿಯನ್ನು ತೋರಿಸಬಲ್ಲದು. ಯಾವ ಅಂಕಿ ಸರಿಯೆಂದು ಹೇಳಲಾರದು. ಅದನ್ನು ಹೇಳಬಲ್ಲವನು ಅಂಥ ಕೋವಿಗಳನ್ನು ಬಿಚ್ಚಿ ಜೋಡಿಸಿದ ಪರವಾನಗಿದಾರ ಕಸುಬಿಯೇ. ಕೋವಿ ಯಾರ ಬಳಿ ಇತ್ತೆಂಬುದನ್ನು ಪರವಾನಗಿಯ ದಾಖಲೆಯಿಂದ ತಿಳಿಯಬಹುದು. ಅದನ್ನು ಸುರಕ್ಷಿತವಾಗಿಟ್ಟ ವಿದ್ಯೆ ಹೇಗಿತ್ತೆಂಬುದು ಅಲ್ಲಿ ಸಿಗದು. ನಮ್ಮ ವಿದ್ಯಾರ್ಥಿಗಳು ಈ ನಾಲ್ಕು ತಾಲ್ಲೂಕುಗಳ ಹಿರಿಯ ಕಸುಬಿಗಳ ಮಾತನ್ನು ಕೇಳಿ ಬರೆದಿಟ್ಟಲ್ಲಿ ಪ್ರಾಂತೀಯ ಇತಿಹಾಸಕ್ಕೆ ಅದೊಂದು ಉಪಯುಕ್ತ ಆಕರವಾದೀತು.