ಶಾಸನಸಭಾ ಬಹಿಷ್ಕಾರವೂ ಪ್ರವೇಶವೂ (೧೯೨೦–೧೯೨೬)

ಚುನಾವಣೆಗೆ ನಿಂತ ಉಮೇದುವಾರರಲ್ಲಿ ಒಬ್ಬನೂ ಮನಸ್ಸಿಗೆ ಒಪ್ಪದಿರುವಾಗ, ಅಥವಾ ಅವರು ಹೋಗಿ ಕುಳಿತುಕೊಳ್ಳುವ ಸಭೆಯೇ ನಿಸ್ಸಾರವೆಂದು ತೋರುವಾಗ, ವಿವೇಕಿಯಾದ ಪ್ರಜೆಯು ಮಾಡತಕ್ಕದ್ದೇನು? ಇದ್ದವರಲ್ಲಿ ಒಬ್ಬನಿಗೆ ಮತ ಕೊಡುವುದು, ಕೊಡದೆ ದೂರ ನಿಲ್ಲುವುದು, ತಾನೇ ಉಮೇದುವಾರನಾಗುವುದು—ಹೀಗೆ ಮೂರು ದಾರಿಗಳುಂಟು. ಇವುಗಳ ತಾರತಮ್ಯವನ್ನು ಕೇವಲ ತರ್ಕದಿಂದ ನಿರ್ಣಯಿಸುವುದು ಕಷ್ಟ. ಆದರೆ ಈ ಮೂರನ್ನೂ ನಮ್ಮ ದೇಶವು ಕೆಲವೇ ವರ್ಷಗಳಲ್ಲಿ ಪರೀಕ್ಷಿಸಿ ನೋಡಿದ ಕಾಲವೊಂದುಂಟು. ೧೯೨೦ರಿಂದ ೧೯೨೬ರವರೆಗಿನ ಆ ವೃತ್ತಾಂತವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

೧೯೧೯ರ ಭಾರತ ಸರ್ಕಾರದ ಕಾಯಿದೆಯು ಪ್ರಾಂತಗಳಲ್ಲಿ ದ್ವಿಮುಖ ಆಡಳಿತವನ್ನು ಏರ್ಪಡಿಸಿತು. ವಿದ್ಯಾಭ್ಯಾಸ, ಆರೋಗ್ಯ, ಸ್ಥಳೀಯ ಸ್ವರಾಜ್ಯ ಮೊದಲಾದ ಇಲಾಖೆಗಳು ಮಂತ್ರಿಗಳ ಕೈಗೆ ಬಂದುವು. ಹಣಕಾಸು, ಪೋಲೀಸು ಮುಂತಾದುವು ಗವರ್ನರನ ಅಧೀನದಲ್ಲಿಯೇ ಉಳಿದುವು. ಮತದಾನದ ಹಕ್ಕು ಆಸ್ತಿ ತೆರಿಗೆಗಳನ್ನು ಅವಲಂಬಿಸಿದ್ದುದರಿಂದ ಅದು ಕೆಲವೇ ಜನಕ್ಕೆ ಲಭಿಸಿತು. ಈ ಸುಧಾರಣೆಗಳು ಸಾಲವೆಂಬುದರಲ್ಲಿ ಕಾಂಗ್ರೆಸ್ಸಿನೊಳಗೆ ಭಿನ್ನಾಭಿಪ್ರಾಯವಿರಲಿಲ್ಲ. ಸಾಲದುದನ್ನು ಬಳಸಬೇಕೋ ಬಿಡಬೇಕೋ ಎಂಬುದೇ ವಿವಾದದ ವಿಷಯ. ಲೋಕಮಾನ್ಯ ತಿಲಕರು ಚುನಾವಣೆಗೆ ನಿಲ್ಲುವ ಉದ್ದೇಶದಿಂದಲೇ ೧೯೨೦ರ ಏಪ್ರಿಲಿನಲ್ಲಿ ಒಂದು ಪಕ್ಷವನ್ನು ಸ್ಥಾಪಿಸಿದರು. ಆಗಸ್ಟ್ ೧ರಂದು ಕಾಲವಾದರು. ಸೆಪ್ಟೆಂಬರಿನಲ್ಲಿ ಕಲಕತ್ತೆಯ ವಿಶೇಷ ಅಧಿವೇಶನವು ಗಾಂಧಿಯವರ ಅಸಹಕಾರ ನಿರ್ಣಯವನ್ನು ಅಂಗೀಕರಿಸಿತು; ಶಾಸನಸಭೆಗಳ ಬಹಿಷ್ಕಾರವು ಅದರ ಒಂದು ಅಂಗ. ಚಿತ್ತರಂಜನ ದಾಸರು ಅಲ್ಲಿ ಈ ಬಹಿಷ್ಕಾರವನ್ನು ವಿರೋಧಿಸಿದರು. ಆದರೂ ನವೆಂಬರಿನ ಚುನಾವಣೆಯಿಂದ ಕಾಂಗ್ರೆಸ್ಸು ಹಿಂದೆ ಸರಿಯಿತು.

ಬಹಿಷ್ಕಾರದ ಫಲವನ್ನು ಎರಡು ಕಡೆಯಿಂದಲೂ ನೋಡಬೇಕು. ಮತದಾರರಲ್ಲಿ ಬಹುಸಂಖ್ಯೆಯವರು ಮತ ಕೊಡದೆ ಉಳಿದರು. ಆ ಸಭೆಗಳು ದೇಶದ ಪ್ರತಿನಿಧಿಗಳಲ್ಲವೆಂದು ಹೇಳಲು ಇದು ಆಧಾರವಾಯಿತು. ಆದರೆ ಪೀಠಗಳು ಬರಿದಾಗಿ ಉಳಿಯಲಿಲ್ಲ. ಮದರಾಸಿನಲ್ಲಿ ಜಸ್ಟೀಸ್ ಪಕ್ಷವು ಮಂತ್ರಿಮಂಡಲವನ್ನು ರಚಿಸಿತು. ಸರ್ಕಾರಿ ಉದ್ಯೋಗಗಳಲ್ಲಿ ಬ್ರಾಹ್ಮಣೇತರ ಜಾತಿಮತಗಳಿಗೂ ಪಾಲು ದೊರಕಿಸುವ ೧೯೨೧ರ ಆಜ್ಞೆಯು ಹೊರಟುದು ಅದರ ಕಾಲದಲ್ಲಿ. ಆ ಪಕ್ಷದ ಮತದಾರರಿಗೆ ಈ ಸಭೆಯು ನಿಸ್ಸಾರವಾಗಿ ತೋರಲಿಲ್ಲವೆಂಬುದನ್ನು ಮರೆಯಲಾಗದು. ಒಬ್ಬನು ತೊರೆದ ಪೀಠವು ಇನ್ನೊಬ್ಬನಿಗೆ ಬಹುಕಾಲ ಕಾದ ಅವಕಾಶವಾಗಿರಬಹುದು.

ಬಂಗಾಳದ ಉದಾಹರಣೆಯು ಇನ್ನೂ ಸ್ವಾರಸ್ಯವಾದುದು. ಸುರೇಂದ್ರನಾಥ ಬ್ಯಾನರ್ಜಿಯವರು ಜನರ ನಿಂದೆಯನ್ನು ಸಹಿಸಿಕೊಂಡು ಮಂತ್ರಿಯಾದರು. ೧೯೨೩ರಲ್ಲಿ ಕಲಕತ್ತೆಯ ನಗರಸಭೆಗೆ ಹೊಸ ಕಾಯಿದೆಯನ್ನು ತಂದರು. ಅದೇ ವರ್ಷದ ಚುನಾವಣೆಯಲ್ಲಿ ಸ್ವರಾಜ್ಯ ಪಕ್ಷದ ಬೆಂಬಲವಿದ್ದ ಬಿಧಾನಚಂದ್ರ ರಾಯರೆದುರು ಸೋತರು. ಮರುವರ್ಷ ಆ ಕಾಯಿದೆಯ ಪ್ರಕಾರ ನಗರದ ಮೊದಲನೆಯ ಮೇಯರರಾದವರು ಚಿತ್ತರಂಜನ ದಾಸರು. ಬಹಿಷ್ಕರಿಸಿದವರು ಬಂದು ಕುಳಿತ ಪೀಠವನ್ನು ಒಳಗೆ ಉಳಿದವರು ಕಟ್ಟಿದ್ದರು.

ಬಹಿಷ್ಕಾರದಿಂದ ಪ್ರವೇಶಕ್ಕೆ ದಾಸರ ಪಕ್ಷವು ಹೊರಳಿದುದು ಹೇಗೆ? ೧೯೨೨ರ ಫೆಬ್ರವರಿಯಲ್ಲಿ ಚೌರೀಚೌರದ ಘಟನೆಯಾದ ಮೇಲೆ ಚಳವಳಿಯು ನಿಂತಿತು. ಮಾರ್ಚಿಯಲ್ಲಿ ಗಾಂಧಿಯವರಿಗೆ ಆರು ವರ್ಷದ ಸೆರೆಯಾಯಿತು. ಮುಂದಿನ ಮಾರ್ಗವನ್ನು ಆಲೋಚಿಸಲು ಕಾಂಗ್ರೆಸ್ಸು ನಿಯಮಿಸಿದ ಸಮಿತಿಯು ಈ ಪ್ರಶ್ನೆಯಲ್ಲಿ ಸರಿಯಾಗಿ ಎರಡು ಭಾಗವಾಯಿತು. ಹಕೀಮ್ ಅಜ್ಮಲ್ ಖಾನ್, ಮೋತಿಲಾಲ ನೆಹರು, ವಿಠಲಭಾಯಿ ಪಟೇಲರು ಪ್ರವೇಶದ ಕಡೆ; ಅನ್ಸಾರಿ, ರಾಜಗೋಪಾಲಾಚಾರ್ಯ, ಕಸ್ತೂರಿ ರಂಗ ಅಯ್ಯಂಗಾರರು ಬಹಿಷ್ಕಾರದ ಕಡೆ. ಡಿಸೆಂಬರಿನ ಗಯಾ ಅಧಿವೇಶನದಲ್ಲಿ ಅಧ್ಯಕ್ಷರಾದ ದಾಸರ ಪಕ್ಷವೇ ಸೋತಿತು. ಅವರು ಅಧ್ಯಕ್ಷ ಪದವಿಯನ್ನು ಬಿಟ್ಟು, ಕಾಂಗ್ರೆಸ್ಸನ್ನು ಬಿಡದೆ, ಮೋತಿಲಾಲರೊಡನೆ ಸ್ವರಾಜ್ಯ ಪಕ್ಷವನ್ನು ಕಟ್ಟಿದರು. ೧೯೨೩ರ ಸೆಪ್ಟೆಂಬರಿನಲ್ಲಿ ದೆಹಲಿಯ ವಿಶೇಷ ಅಧಿವೇಶನವು ಚುನಾವಣೆಗೆ ನಿಲ್ಲಲು ಅನುಮತಿಯಿತ್ತಿತು.

ಒಳಹೊಕ್ಕವರು ಸಾಧಿಸಿದುದು ಅಲ್ಪವಲ್ಲ. ಕೇಂದ್ರಸಭೆಯಲ್ಲಿ ನಲವತ್ತಕ್ಕೂ ಹೆಚ್ಚು ಸ್ಥಾನಗಳನ್ನು ಗಳಿಸಿದರು. ಮಧ್ಯಪ್ರಾಂತದಲ್ಲಿಯೂ ಬಂಗಾಳದಲ್ಲಿಯೂ ಮಂತ್ರಿಗಳ ಸಂಬಳವನ್ನು ತಡೆದು ದ್ವಿಮುಖ ಆಡಳಿತವು ಪೊಳ್ಳೆಂದು ತೋರಿಸಿದರು. ೧೯೨೫ರಲ್ಲಿ ವಿಠಲಭಾಯಿ ಪಟೇಲರು ಕೇಂದ್ರಸಭೆಯ ಚುನಾಯಿತ ಅಧ್ಯಕ್ಷರಾದರು. ಆದರೆ ಬಹಿಷ್ಕಾರವಾದಿಗಳ ಭಯವೂ ಸುಳ್ಳಾಗಲಿಲ್ಲ. ಆ ವರ್ಷವೇ ಮಧ್ಯಪ್ರಾಂತದ ತಾಂಬೆಯವರು ಗವರ್ನರನ ಕಾರ್ಯಕಾರಿ ಮಂಡಲದಲ್ಲಿ ಪದವಿಯನ್ನು ಸ್ವೀಕರಿಸಿದರು, ಪಕ್ಷವು ಒಡೆಯಿತು. ೧೯೨೬ರ ಮಾರ್ಚಿಯಲ್ಲಿ ಸ್ವರಾಜ್ಯವಾದಿಗಳು ಕೇಂದ್ರಸಭೆಯಿಂದ ಎದ್ದು ಹೊರಬಂದರು.

ಈ ವಿವಾದದ ಇತ್ಯರ್ಥದಲ್ಲಿ ನಮ್ಮ ನಾಡಿಗೂ ಒಂದು ಸ್ಥಾನವುಂಟು. ಗಂಗಾಧರರಾವ್ ದೇಶಪಾಂಡೆಯವರ ನೇತೃತ್ವದಲ್ಲಿ ೧೯೨೪ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ನಡೆದ ಕಾಂಗ್ರೆಸ್ಸಿಗೆ ಗಾಂಧಿಯವರೇ ಅಧ್ಯಕ್ಷರು; ಅವರು ಆ ಪೀಠವನ್ನೇರಿದುದು ಅದೊಂದೇ ಸಲ. ಹಿಂದಿನ ತಿಂಗಳು ಅವರು ದಾಸ, ಮೋತಿಲಾಲರೊಡನೆ ಮಾಡಿಕೊಂಡ ಒಪ್ಪಂದವು ಅಲ್ಲಿ ಸ್ಥಿರಪಟ್ಟಿತು. ಶಾಸನಸಭೆಯ ಕಾರ್ಯವನ್ನು ಸ್ವರಾಜ್ಯವಾದಿಗಳು ಕಾಂಗ್ರೆಸ್ಸಿನ ಪರವಾಗಿ ನಡಸತಕ್ಕದ್ದು. ಕಾಂಗ್ರೆಸ್ ಸದಸ್ಯರು ತಿಂಗಳಿಗೆ ೨೦೦೦ ಗಜ ನೂಲನ್ನು ಒಪ್ಪಿಸತಕ್ಕದ್ದು. ಗಾಂಧಿಯವರು ಬಹಿಷ್ಕಾರದಲ್ಲಿ ತಮಗಿದ್ದ ನಂಬಿಕೆಯನ್ನು ಬಿಡಲಿಲ್ಲ. ದಾಸರು ಪ್ರವೇಶವನ್ನು ಬಿಡಲಿಲ್ಲ. ಒಬ್ಬರು ಇನ್ನೊಬ್ಬರನ್ನು ದ್ರೋಹಿಯೆಂದು ಕರೆಯದೆ ಕಾರ್ಯವನ್ನು ಹಂಚಿಕೊಂಡರು.

ಇದರಿಂದ ತಿಳಿಯುವುದೇನು? ಮತ ಕೊಡದಿರುವುದು ತಾನೇ ತಾನಾಗಿ ಫಲಿಸದು; ಹೊರಗೆ ನಡೆಯುವ ಕೆಲಸವು ಅದರ ಬೆನ್ನಿಗಿರಬೇಕು. ಆ ಕೆಲಸವು ನಿಂತಾಗ ೧೯೨೨ರಲ್ಲಿ ಬಹಿಷ್ಕಾರವು ಬರಿಯ ಗೈರುಹಾಜರಿಯಾಯಿತು. ಉಮೇದುವಾರನಾಗುವುದೂ ಹಾಗೆಯೇ, ಕಳುಹಿಸಿದವರಿಗೆ ಕಟ್ಟುಬಿದ್ದಿರುವವರೆಗೆ ಮಾತ್ರ ಅದಕ್ಕೆ ಬಲ. ಇದ್ದುದನ್ನು ಬಳಸಿದ ಸುರೇಂದ್ರನಾಥರಿಗೆ ಕೀರ್ತಿ ದೊರೆಯಲಿಲ್ಲ; ಆದರೆ ಕಾಯಿದೆಯು ಉಳಿಯಿತು.

೨೦೧೩ರ ಸೆಪ್ಟೆಂಬರ್ ೨೭ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ ಯಾವ ಉಮೇದುವಾರನೂ ಬೇಡವೆನ್ನುವ ಮತಕ್ಕೂ ಯಂತ್ರದ ಮೇಲೆ ಒಂದು ಗುಂಡಿ ದೊರೆತಿದೆ. ೧೯೨೦ರ ಮತದಾರನ ಮೌನಕ್ಕೆ ಎಣಿಕೆಯಿರಲಿಲ್ಲ, ಈಗ ಎಣಿಕೆಯುಂಟು. ಆದರೆ ಲೋಕಸಭೆಯ ಚುನಾವಣೆಯಲ್ಲಿ ಆ ಮತಗಳೆಷ್ಟೇ ಹೆಚ್ಚಿದರೂ ಉಮೇದುವಾರರಲ್ಲಿ ಮುಂದಿದ್ದವನೇ ಆರಿಸಿಬರುತ್ತಾನೆ. ಪೀಠವು ಅಂದಿನಂತೆ ಇಂದೂ ಬರಿದಾಗಿರುವುದಿಲ್ಲ. ದೂರ ನಿಲ್ಲುವವನು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೆಂದರೆ, ಅಲ್ಲಿ ಯಾರು ಕುಳಿತಾರು ಎಂಬುದು. ಎರಡನೆಯದು, ನಾಳೆ ಹೊರಗೆ ತಾನು ಮಾಡುವ ಕೆಲಸವೇನು ಎಂಬುದು.