ಯುದ್ಧ ಬಿಟ್ಟುಹೋದ ಹಳೆ ಇಂಜನ್ನುಗಳು



ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ನೀವು ಏನು ಮಾಡುತ್ತೀರಿ? ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತೀರಿ. ಆಮೇಲೆ ಸುಳಿ ನೋಡುತ್ತೀರಿ. ಹತ್ತು ಹೆಜ್ಜೆ ನಡೆಸಿ ಕಾಲು ನೋಡುತ್ತೀರಿ. ದಲ್ಲಾಳಿ ಎಷ್ಟೇ ಹೊಗಳಲಿ, ಕೊಂಬಿಗೆ ಎಷ್ಟೇ ಬಣ್ಣ ಬಳಿದಿರಲಿ, ನೀವು ಮೋಸ ಹೋಗುವವರಲ್ಲ. ಆದರೆ ಅದೇ ನೀವು ಪಟ್ಟಣಕ್ಕೆ ಹೋಗಿ ಒಂದು ಹಳೆಯ ಜನರೇಟರ್ ಕೊಳ್ಳುವಾಗ ಹೀಗೆ ಮಾಡುತ್ತೀರಾ? ಹೊಸ ಬಣ್ಣ ಕಣ್ಣಿಗೆ ಬಿತ್ತು, ಅಂಗಡಿಯವ ಹಗ್ಗ ಎಳೆದ, ಡಬಡಬ ಅಂತ ಸದ್ದು ಬಂತು, ನೀವು ದುಡ್ಡು ಎಣಿಸಿ ಕೊಟ್ಟಿರಿ. ಮನೆಗೆ ತಂದ ಮೂರನೆಯ ದಿನ ಅದು ಮೊಂಡು ಹಿಡಿದು ಕೂತರೆ, "ಹಳೇ ಯಂತ್ರದ ಹಣೆಬರಹವೇ ಇಷ್ಟು" ಅಂತ ಕೊಟ್ಟಿಗೆಯ ಮೂಲೆಗೆ ತಳ್ಳಿದಿರಿ.

ಹಣೆಬರಹದ ಮಾತು ಹಾಗಿರಲಿ. ಹಳೆಯ ಜನರೇಟರುಗಳನ್ನು ಕೊಂಡು, ಬಿಚ್ಚಿ, ರಿಪೇರಿ ಮಾಡಿ ಬದುಕು ಕಟ್ಟಿದ ಒಬ್ಬ ಕಮ್ಮಾರನ ಮಗನ ಚರಿತ್ರೆಯನ್ನು ಇವತ್ತು ನಿಮಗೆ ಹೇಳುತ್ತೇನೆ. ಆತ ನಮ್ಮ ದೇಶದವನಲ್ಲ, ಜಪಾನಿನವನು. ಆದರೂ ಆತನ ಹೆಸರು ನಿಮ್ಮ ಊರಿನ ಪ್ರತಿಯೊಂದು ಬೀದಿಯಲ್ಲೂ ಓಡಾಡುತ್ತಿದೆ. ಆತನೇ ಸೊಯಿಚಿರೋ ಹೋಂಡಾ.

ಆತ ಹುಟ್ಟಿದ್ದು 1906ರಲ್ಲಿ, ಹಮಾಮತ್ಸು ಪಟ್ಟಣದ ಹತ್ತಿರದ ಒಂದು ಹಳ್ಳಿಯಲ್ಲಿ. ತಂದೆ ಕುಲುಮೆ ಊದುವ ಕಮ್ಮಾರ, ಸೈಕಲ್ ರಿಪೇರಿಯನ್ನೂ ಮಾಡುತ್ತಿದ್ದ. ತಾಯಿ ಮಗ್ಗದಲ್ಲಿ ನೇಯುತ್ತಿದ್ದಳು. ಹುಡುಗ 1922ರಲ್ಲಿ ಟೋಕಿಯೋಗೆ ಹೋಗಿ ಒಂದು ಮೋಟಾರು ರಿಪೇರಿ ಅಂಗಡಿ ಸೇರಿದ. ಅಲ್ಲಿ ಮೊದಲು ಸಿಕ್ಕ ಕೆಲಸ ಯಾವುದು ಗೊತ್ತೇ? ಯಜಮಾನರ ಕೂಸನ್ನು ಎತ್ತಿ ಆಡಿಸುವುದು! ಸ್ಪ್ಯಾನರ್ ಕೈಗೆ ಬಂದದ್ದು ಆಮೇಲೆ. ಆದರೆ ಕೈಗೆ ಬಂದ ಮೇಲೆ ಬಿಡಲಿಲ್ಲ. 1928ರಲ್ಲಿ ಅದೇ ಅಂಗಡಿಯ ಶಾಖೆಯನ್ನು ಹಮಾಮತ್ಸುವಿನಲ್ಲಿ ತೆರೆದ.

ಮುಂದೆ ಪಿಸ್ಟನ್ ರಿಂಗು ತಯಾರಿಸಲು ಹೊರಟ. ರಿಂಗು ಅಂದರೆ ಏನು? ಇಂಜನ್ನಿನ ಕೊಳವೆಯೊಳಗೆ ಪಿಸ್ಟನ್ ಮೇಲಕ್ಕೂ ಕೆಳಕ್ಕೂ ಓಡಾಡುತ್ತದಲ್ಲ, ಅದರ ಸೊಂಟಕ್ಕೆ ತೊಡಿಸಿದ ಕಬ್ಬಿಣದ ಬಳೆ. ಆ ಬಳೆ ಗಟ್ಟಿಯಾಗಿ ಕೂತರೆ ಇಂಜನ್ನಿಗೆ ಉಸಿರು. ಸವೆದರೆ ಉಸಿರು ಸೋರಿಹೋಗುತ್ತದೆ. ಹೋಂಡಾ ಟೊಯೊಟಾ ಕಂಪನಿಗೆ 50 ರಿಂಗು ಪರೀಕ್ಷೆಗೆ ಕಳಿಸಿದ. ಪಾಸಾದದ್ದು ಬರೀ 3. ಬೇರೆಯವರಾಗಿದ್ದರೆ ಕೈಚೆಲ್ಲುತ್ತಿದ್ದರು. ಈತ ಲೋಹದ ವಿದ್ಯೆ ತನಗೆ ಬರುವುದಿಲ್ಲ ಅಂತ ಒಪ್ಪಿಕೊಂಡು, ಮೂವತ್ತರ ಆಸುಪಾಸಿನ ವಯಸ್ಸಿನಲ್ಲಿ ಹುಡುಗರ ಜೊತೆ ಬೆಂಚಿನ ಮೇಲೆ ಕೂತು ಪಾಠ ಕಲಿತ. ಆಮೇಲೆ ರಿಂಗುಗಳು ಪಾಸಾದವು.

ಅಷ್ಟರಲ್ಲಿ ಮಹಾಯುದ್ಧ. ಹಮಾಮತ್ಸುವಿನ ಮೇಲೆ ಬಾಂಬು ಸುರಿಯಿತು. 1945ರ ಜನವರಿಯಲ್ಲಿ ಭೂಕಂಪವಾಗಿ ಇನ್ನೊಂದು ಕಾರ್ಖಾನೆಯೂ ಕುಸಿಯಿತು. ಆಗಸ್ಟಿನಲ್ಲಿ ಜಪಾನು ಸೋತು ಶರಣಾಯಿತು. ಹೋಂಡಾ ತನ್ನ ಪಾಲನ್ನು ಮಾರಿ ಒಂದು ವರ್ಷ ಸುಮ್ಮನೆ ಕೂತ.

ಆಗಿನ ಜಪಾನಿನ ಸ್ಥಿತಿಯನ್ನು ಸ್ವಲ್ಪ ಊಹಿಸಿಕೊಳ್ಳಿ. ಊರೂರೇ ಸುಟ್ಟು ಬೂದಿ. ಅನ್ನಕ್ಕೆ ತತ್ವಾರ. ರೈಲುಗಳಲ್ಲಿ ಕಾಲಿಡಲು ಜಾಗವಿಲ್ಲ. ಪೇಟೆಯವರು ಮನೆಯ ಸಾಮಾನು ಹೊತ್ತು ಹಳ್ಳಿಗೆ ಹೋಗಿ, ರೈತರ ಬಾಗಿಲಲ್ಲಿ ನಿಂತು ಅಕ್ಕಿಗೆ, ಗೆಣಸಿಗೆ ಬದಲಾಯಿಸಿಕೊಂಡು ಬರಬೇಕು. ಎಲ್ಲರಿಗೂ ಸೈಕಲ್ಲೇ ಗತಿ.

1946ರಲ್ಲಿ ಹೋಂಡಾ ಒಬ್ಬ ಸ್ನೇಹಿತನ ಮನೆಯಲ್ಲಿ ಒಂದು ಪುಟ್ಟ ಇಂಜನ್ ನೋಡಿದ. ಸೈನ್ಯದವರು ರಣರಂಗದಲ್ಲಿ ತಂತಿಯಿಲ್ಲದ ವಾರ್ತಾಯಂತ್ರಕ್ಕೆ ವಿದ್ಯುತ್ತು ಕೊಡಲು ಒಯ್ಯುತ್ತಿದ್ದ ಕೈ ಜನರೇಟರಿನ ಇಂಜನ್ ಅದು. ಯುದ್ಧ ಮುಗಿದಿತ್ತು, ಅದು ಯಾರಿಗೂ ಬೇಡವಾಗಿತ್ತು. ಜನ ಅದನ್ನು ಗುಜರಿ ಅಂದುಕೊಂಡರು. ಹೋಂಡಾ ಅದನ್ನು ಸೈಕಲ್ಲಿಗೆ ಹೂಡಬಹುದಾದ ಎತ್ತು ಅಂದುಕೊಂಡ!

ಪೆಟ್ರೋಲ್ ಹಾಕಲು ಟ್ಯಾಂಕು ಇರಲಿಲ್ಲ. ಚಳಿಗೆ ಬಿಸಿನೀರು ತುಂಬಿ ಹಾಸಿಗೆಯಲ್ಲಿ ಇಟ್ಟುಕೊಳ್ಳುವ ಡಬ್ಬಿಯನ್ನು ಮನೆಯಿಂದ ತಂದು ಅದನ್ನೇ ಟ್ಯಾಂಕು ಮಾಡಿದ. ಮೊದಲು ಇಂಜನ್ನನ್ನು ಮುಂದೆ ಇಟ್ಟು, ರಬ್ಬರಿನ ಉರುಳೆಯನ್ನು ಮುಂಚಕ್ರದ ಟೈರಿಗೆ ಒತ್ತಿ ಓಡಿಸಿದ. ಟೈರು ತಾಳಲಿಲ್ಲ. ಇಂಜನ್ನನ್ನು ನಡುವಿಗೆ ತಂದು, ಬೆಲ್ಟು ಹಾಕಿ, ಹಿಂಚಕ್ರ ತಿರುಗಿಸಿದ. ಓಡಿತು. ಹೆಂಡತಿ ಸಾಚಿಗೆ "ನೀನು ಓಡಿಸಿ ನೋಡು" ಅಂದ. ನಾಲ್ಕು ಜನ ನೋಡುತ್ತಾರೆ ಅಂತ ಆಕೆ ಒಳ್ಳೆಯ ಬಟ್ಟೆಯನ್ನೇ ಉಟ್ಟು ಹೊರಟಳು. ಸುತ್ತಿ ಬರುವಷ್ಟರಲ್ಲಿ ಬಟ್ಟೆಯೆಲ್ಲ ಎಣ್ಣೆ! "ಇದು ಸರಿಯಿಲ್ಲ" ಅಂತ ಗಂಡನಿಗೆ ಹೇಳಿದಳು. ಹೋಂಡಾ ಸಿಟ್ಟಾಗಲಿಲ್ಲ. ಕಾರ್ಬೊರೇಟರಿನಿಂದ ಎಣ್ಣೆ ಹಿಂದಕ್ಕೆ ಎರಚುವುದನ್ನು ಪತ್ತೆ ಮಾಡಿ ಸರಿಪಡಿಸಿದ. ತಾಯಂದಿರೇ, ಮನೆಯ ಯಂತ್ರದ ವಿಷಯದಲ್ಲಿ ನಿಮ್ಮ ಮಾತಿಗೂ ಬೆಲೆ ಉಂಟು ಅನ್ನುವುದಕ್ಕೆ ಇದು ಸಾಕ್ಷಿ.

ಅಂಥ ಇಂಜನ್ನುಗಳು ಸುಮಾರು 500 ಸಿಕ್ಕವು. ಇಲ್ಲಿಯೇ ನೋಡಿ, ನಾನು ಹೇಳಬೇಕೆಂದಿರುವ ಮುಖ್ಯ ಸಂಗತಿ. ಅವನ್ನು ಬಂದ ಹಾಗೆಯೇ ಬಣ್ಣ ಬಳಿದು ಮಾರಬಹುದಾಗಿತ್ತು. ಕೊಳ್ಳುವವರಿಗೇನು ಬರವಿರಲಿಲ್ಲ. ಆದರೆ ಆತ ಪ್ರತಿಯೊಂದನ್ನೂ ಬಿಚ್ಚಿಸಿದ, ಬೇಕಾದಲ್ಲಿ ತಿದ್ದಿಸಿದ, ಮತ್ತೆ ಜೋಡಿಸಿ, ಓಡಿಸಿ ನೋಡಿದ ಮೇಲೆಯೇ ಕೊಟ್ಟ. ಪೆಟ್ರೋಲಿಗೆ ಕಂಟ್ರೋಲು ಇದ್ದ ಕಾಲ. ಪೈನ್ ಮರದ ಬೇರಿನಿಂದ ತೆಗೆದ ಎಣ್ಣೆ ಬೆರೆಸಿ ಓಡಿಸುತ್ತಿದ್ದರು. ದೂರದ ಊರುಗಳಿಂದಲೂ ಜನ ಹುಡುಕಿಕೊಂಡು ಬಂದರು. ಹಳೆಯ ಇಂಜನ್ನುಗಳು ಮುಗಿಯುತ್ತ ಬಂದಾಗ, ಬಿಚ್ಚಿ ಕಲಿತ ವಿದ್ಯೆಯಿಂದ 1947ರಲ್ಲಿ ತಮ್ಮದೇ ಇಂಜನ್ ಮಾಡಿದರು. 1948ರ ಸೆಪ್ಟೆಂಬರಿನಲ್ಲಿ ಹೋಂಡಾ ಮೋಟಾರ್ ಕಂಪನಿ ಹುಟ್ಟಿತು.

ಕಥೆ ಇಲ್ಲಿಗೇ ಸುತ್ತಿ ಬರುತ್ತದೆ. ಹಳೆಯ ಜನರೇಟರಿನಿಂದ ಹುಟ್ಟಿದ ಕಂಪನಿ 1965ರಲ್ಲಿ ಇ-300 ಎಂಬ, ಕೈಯಲ್ಲಿ ಎತ್ತಿಕೊಂಡು ಹೋಗುವಂಥ ಪುಟ್ಟ ಜನರೇಟರನ್ನೇ ಮಾರಾಟಕ್ಕೆ ಬಿಟ್ಟಿತು. 1985ರಲ್ಲಿ ನಮ್ಮ ದೇಶದ ಶ್ರೀರಾಮ್ ಸಂಸ್ಥೆಯ ಜೊತೆ ಕೂಡಿ ಇಲ್ಲಿಯೂ ಕಂಪನಿ ಸ್ಥಾಪಿಸಿತು. ಪೆಟ್ರೋಲಿನಲ್ಲಿ ಶುರುವಾಗಿ ಸೀಮೆಎಣ್ಣೆಯಲ್ಲಿ ಓಡುವ ಜನರೇಟರುಗಳು ಒಂದು ಕಾಲಕ್ಕೆ ಅಂಗಡಿ, ಮದುವೆಮನೆಗಳಲ್ಲಿ ಸದ್ದು ಮಾಡಿದ್ದು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬೇಕು. 2013ರಲ್ಲಿ ನಮ್ಮ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಹೋಂಡಾ ದ್ವಿಚಕ್ರ ವಾಹನಗಳ ಕಾರ್ಖಾನೆಯೂ ಶುರುವಾಯಿತು. ಒಂದು ಬಿಸಿನೀರಿನ ಡಬ್ಬಿ ಎಲ್ಲಿಂದ ಎಲ್ಲಿಗೆ ಬಂತು ನೋಡಿ!

"ಕಥೆ ಚೆನ್ನಾಗಿದೆ ಸ್ವಾಮಿ, ನಮಗೇನು ಪ್ರಯೋಜನ?" ಅಂತೀರಾ? ಹೇಳುತ್ತೇನೆ. ಹೋಂಡಾ ಆ 500 ಇಂಜನ್ನುಗಳಲ್ಲಿ ನೋಡಿದ್ದನ್ನೇ ನೀವೂ ನೋಡಬೇಕು.

ಮೊದಲನೆಯದು, ಉಸಿರು. ಶುರು ಮಾಡುವ ಮೊದಲು ಇಂಜನ್ನಿನ ಹತ್ತಿರ ಕೈ ಹಿಡಿದು ನೋಡಿ. ಆಗಲೇ ಬಿಸಿಯಿದ್ದರೆ, ನೀವು ಬರುವ ಮೊದಲೇ ಅದನ್ನು ಓಡಿಸಿ ಇಟ್ಟಿದ್ದಾರೆ ಅಂತ ಅರ್ಥ. ತಣ್ಣಗಿರುವಾಗ ಒಂದೆರಡು ಎಳೆತಕ್ಕೆ ಏಳುವ ಯಂತ್ರವೇ ಒಳ್ಳೆಯ ಯಂತ್ರ. ಸ್ವಿಚ್ಚು ಆರಿಸಿ ಹಗ್ಗವನ್ನು ಮೆಲ್ಲನೆ ಎಳೆಯಿರಿ. ಒಂದು ಕಡೆ ಕೈಗೆ ಬಿಗಿ ಸಿಗಬೇಕು. ಸಡಿಲವಾಗಿ ಬಂದರೆ ರಿಂಗು ಅಥವಾ ವಾಲ್ವು ಹೋಗಿರಬಹುದು. ಓಡುವಾಗ ನೀಲಿ ಹೊಗೆ ಬಿಡುತ್ತಲೇ ಇದ್ದರೆ ಇಂಜನ್ ಎಣ್ಣೆ ಉರಿಯುತ್ತಿದೆ ಎಂದು ತಿಳಿಯಿರಿ.

ಎರಡನೆಯದು, ಎಣ್ಣೆ. ಎಣ್ಣೆಯ ಕಡ್ಡಿ ತೆಗೆದು ಬೆರಳಿಗೆ ಹಚ್ಚಿ ನೋಡಿ. ಹಾಲು ಬೆರೆತ ಹಾಗಿದ್ದರೆ ನೀರು ಸೇರಿದೆ. ಮಿಣಮಿಣ ಹೊಳೆದರೆ ಒಳಗೆ ಲೋಹ ಸವೆಯುತ್ತಿದೆ.

ಮೂರನೆಯದು, ಇಂಧನ. ತಿಂಗಳುಗಟ್ಟಲೆ ಕೂತ ಪೆಟ್ರೋಲು ಅಂಟಾಗಿ ಕಾರ್ಬೊರೇಟರಿನ ಸಣ್ಣ ರಂಧ್ರವನ್ನು ಕಟ್ಟುತ್ತದೆ. ಇದು ಕಾಯಿಲೆಯಲ್ಲ, ಬರೀ ನೆಗಡಿ. ಬಿಚ್ಚಿ ತೊಳೆದರೆ ಹೋಗುತ್ತದೆ. ಇದನ್ನು ತೋರಿಸಿ ಬೆಲೆ ಇಳಿಸಿಕೊಳ್ಳಬಹುದು. ಮನೆಗೆ ತಂದ ಮೇಲೆ, ಬಹುಕಾಲ ಓಡಿಸುವುದಿಲ್ಲ ಅಂದರೆ ಟ್ಯಾಂಕು, ಕಾರ್ಬೊರೇಟರು ಎರಡನ್ನೂ ಬಸಿದು ಇಡಿ.

ನಾಲ್ಕನೆಯದು, ವಿದ್ಯುತ್ತು. ಇಂಜನ್ ಓಡಿದ ಮಾತ್ರಕ್ಕೆ ಜನರೇಟರ್ ಸರಿ ಅಂತಲ್ಲ. 1831ರಲ್ಲಿ ಇಂಗ್ಲೆಂಡಿನ ಮೈಕೆಲ್ ಫ್ಯಾರಡೆ ತೋರಿಸಿಕೊಟ್ಟಂತೆ, ಅಯಸ್ಕಾಂತವೂ ತಂತಿಯ ಸುರುಳಿಯೂ ಒಂದರ ಎದುರು ಒಂದು ತಿರುಗಿದರೆ ವಿದ್ಯುತ್ತು ಹುಟ್ಟುತ್ತದೆ. ಬಹುಕಾಲ ಕೂತ ಕೆಲವು ಯಂತ್ರಗಳಲ್ಲಿ ಉಳಿದಿದ್ದ ಅಯಸ್ಕಾಂತದ ಗುಣ ಕರಗಿಹೋಗಿರುತ್ತದೆ. ಇಂಜನ್ ಚೆನ್ನಾಗಿ ಓಡಿದರೂ ಬಲ್ಬು ಉರಿಯದು. ತಿಳಿದ ಮೆಕ್ಯಾನಿಕ್ ಬ್ಯಾಟರಿಯಿಂದ ಒಂದು ಕ್ಷಣ ವಿದ್ಯುತ್ತು ಕೊಟ್ಟು ಅದನ್ನು ಎಬ್ಬಿಸಬಲ್ಲ. ಆದರೆ ಸುಟ್ಟ ವಾಸನೆ ಬಂದರೆ, ವೈಂಡಿಂಗ್ ಕಪ್ಪಾಗಿದ್ದರೆ, ದೂರ ನಿಲ್ಲಿ. ಹೊಸದಾಗಿ ಸುತ್ತಿಸುವ ಖರ್ಚು ಯಂತ್ರದ ಬೆಲೆಯನ್ನೇ ಮುಟ್ಟಬಹುದು. ಕೊಳ್ಳುವ ದಿನ ಒಂದು ಇಸ್ತ್ರಿ ಪೆಟ್ಟಿಗೆಯನ್ನೋ ಹೀಟರನ್ನೋ ಜೊತೆಗೆ ಒಯ್ಯಿರಿ. ಯಂತ್ರದ ಶಕ್ತಿಗೆ ಮೀರದಂತೆ ಹೊರೆ ಹಾಕಿ ಅರ್ಧ ಗಂಟೆ ಓಡಿಸಿ. ಮೀಟರಿನಲ್ಲಿ 230 ವೋಲ್ಟಿನ ಆಸುಪಾಸಿನಲ್ಲಿ ನಿಲ್ಲಬೇಕು. ಹೊರೆ ಬಿದ್ದಾಗ ಇಂಜನ್ ಒಮ್ಮೆ ಮುಲುಗಿ ಮತ್ತೆ ಸಾವರಿಸಿಕೊಳ್ಳಬೇಕು.

ಇನ್ನೊಂದು ಲೆಕ್ಕ. ಒಂದು ಅಶ್ವಶಕ್ತಿ ಅಂದರೆ 746 ವಾಟು. ಆದರೆ ಪಂಪಿನ ಮೋಟಾರು ಶುರುವಾಗುವ ಕ್ಷಣದಲ್ಲಿ ಐದಾರು ಪಾಲು ಹೆಚ್ಚು ವಿದ್ಯುತ್ತು ಎಳೆಯುತ್ತದೆ. ದೀಪ, ಫ್ಯಾನಿಗೆಂದು ಮಾಡಿದ ಪುಟ್ಟ ಜನರೇಟರಿಗೆ ಪಂಪು ಕಟ್ಟುವುದು ಎಳೆಗರುವಿಗೆ ನೇಗಿಲು ಹೂಡಿದ ಹಾಗೆ.

ಕೊನೆಗೆ, ಎಲ್ಲಕ್ಕಿಂತ ದೊಡ್ಡ ಎರಡು ಮಾತು. ಇವನ್ನು ಮರೆತವರ ಮನೆಯಲ್ಲಿ ದೀಪ ಉರಿಯುವುದಿಲ್ಲ, ಆರುತ್ತದೆ.

ಇಂಜನ್ನಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ ಇದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರನ್ನು ಮಲಗಿದಲ್ಲೇ ಕೊಲ್ಲುತ್ತದೆ. ಮಳೆ ಬರುತ್ತಿದೆ, ಕಳ್ಳರ ಭಯ, ಸದ್ದು ಜಾಸ್ತಿ ಅಂತ ಜನರೇಟರನ್ನು ಮನೆಯೊಳಗೆ, ಪಡಸಾಲೆಯಲ್ಲಿ, ಕೊಟ್ಟಿಗೆಯಲ್ಲಿ ಓಡಿಸಬೇಡಿ. ಕಿಟಕಿ ತೆರೆದಿದೆ ಅಂತ ಧೈರ್ಯ ಬೇಡ. ಬಾವಿಯೊಳಗೆ ಇಂಜನ್ ಇಳಿಸಿ ಓಡಿಸಲೇಬೇಡಿ. ಹಾಗೆ ಇಳಿಸಿದ ಬಾವಿಯಲ್ಲಿ ಯಾರಾದರೂ ಬಿದ್ದರೆ ಹಿಂದೆಯೇ ಇಳಿಯಬೇಡಿ. ಅಣ್ಣನನ್ನು ಎತ್ತಲು ಹೋದ ತಮ್ಮನೂ ಉಳಿಯುವುದಿಲ್ಲ. ಕೂಡಲೆ ಅಗ್ನಿಶಾಮಕ ದಳಕ್ಕೆ ಹೇಳಿಕಳಿಸಿ.

ಎರಡನೆಯದು, ಎರಡು ತುದಿಗೂ ಪ್ಲಗ್ಗಿರುವ ವೈರಿನಿಂದ ಜನರೇಟರನ್ನು ಮನೆಯ ಗೋಡೆಯ ಸಾಕೆಟ್ಟಿಗೆ ಚುಚ್ಚಬೇಡಿ. ನಿಮ್ಮ 230 ವೋಲ್ಟು ಬೀದಿಯ ಟ್ರಾನ್ಸ್‌ಫಾರ್ಮರಿಗೆ ಹಿಂದಕ್ಕೆ ಹರಿದು, ಆಚೆ ಕಡೆ 11,000 ವೋಲ್ಟಾಗಬಹುದು. ಲೈನು ಸತ್ತಿದೆ ಅಂತ ನಂಬಿ ಕಂಬ ಹತ್ತಿದ ಲೈನ್‌ಮನ್ ಕೂಡ ಯಾರದೋ ಮನೆಯ ಮಗ. ಆತ ಹತ್ತಿರುವುದು ನಿಮ್ಮ ಮನೆಗೆ ಬೆಳಕು ಕೊಡಲಿಕ್ಕೆ. ಬಲ್ಲ ಎಲೆಕ್ಟ್ರಿಷಿಯನ್ನನ ಕೈಯಿಂದ ಚೇಂಜ್‌ಓವರ್ ಸ್ವಿಚ್ಚು ಹಾಕಿಸಿ. ಅದಕ್ಕೆ ತಗಲುವ ಖರ್ಚು ಖರ್ಚಲ್ಲ.

ಹಳೆಯದನ್ನು ಕೊಳ್ಳುವುದು ನಾಚಿಕೆಯ ಮಾತಲ್ಲ. ನೋಡದೆ ಕೊಳ್ಳುವುದು, ಬಿಚ್ಚಿ ನೋಡದೆ ಬಿಸಾಡುವುದು ಮಾತ್ರ ನಷ್ಟದ ಮಾತು. ಮುಂದಿನ ಸಾರಿ ಗುಜರಿಯ ಮುಂದೆ ನಿಂತಾಗ ಆ ಕಮ್ಮಾರನ ಮಗನನ್ನು ನೆನೆಸಿಕೊಳ್ಳಿ. ಮನೆಯಲ್ಲಿ ಸ್ಪ್ಯಾನರ್ ಹಿಡಿಯುವ ಆಸೆಯ ಹುಡುಗನೋ ಹುಡುಗಿಯೋ ಇದ್ದರೆ, ಜೊತೆಗೆ ಕರೆದುಕೊಂಡು ಹೋಗಿ.